ಅಪ್ಪ ಎದ್ದು ನಿಂತರೆ ಕಣ್ಣು ಕತ್ತಲೆ: ಬಿಪಿ 118 ಇದ್ದರೂ ಮೆದುಳಿಗೆ ಸಾಲದೇ?

ಸಾಗರದ ಮಗಳು
ಅಪ್ಪನಿಗೆ 76 ವರ್ಷ. ಬಹುಕಾಲದಿಂದ ಬಿಪಿ ಮಾತ್ರೆ ನುಂಗುತ್ತಿದ್ದಾರೆ. ಈಚೆಗೆ ಊಟ ಮುಗಿಸಿ ಏಳುವಾಗ ಗೋಡೆ ಹಿಡಿಯುತ್ತಾರೆ, ಮಾತನಾಡಿಸಿದರೆ ಒಂದು ಕ್ಷಣ ಉತ್ತರವೇ ಇಲ್ಲ. ಮನೆಯ ಯಂತ್ರದಲ್ಲಿ ಬಿಪಿಯ ಮೇಲಿನ ಅಂಕಿ ಕುಳಿತಾಗ 150 ತೋರಿಸಿದ್ದು ನಿಂತ ಮೇಲೆ 118. ನನ್ನದು ಯಾವಾಗಲೂ 110ರ ಆಸುಪಾಸು, ನನಗೇನೂ ಆಗುವುದಿಲ್ಲ. ಮೆದುಳಿನ ಎಂಆರ್‌ಐ ವರದಿಯಲ್ಲಿ ‘ಬಿಳಿ ದ್ರವ್ಯದಲ್ಲಿ ವಯೋಸಹಜ ಬದಲಾವಣೆ’ ಎಂದಿದೆ. ಎರಡಕ್ಕೂ ಸಂಬಂಧವಿದೆಯೇ?

ನಿವೃತ್ತ ಸಿಸ್ಟರ್
ನರರೋಗ ವಾರ್ಡಿನಲ್ಲಿ ಕೂದಲು ಹಣ್ಣಾದವಳು ನಾನು, ಹೇಳುತ್ತೇನೆ ಕೇಳಿ. 118ನ್ನು ಬಿಡಿ, 32 ಇಳಿದಿದೆಯಲ್ಲ, ಅದನ್ನು ನೋಡಿ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೂ ವೈದ್ಯರು ಅದನ್ನು ತೊಂದರೆ ಎಂದೇ ಎಣಿಸುತ್ತಾರೆ.

ಮೆದುಳಿನ ತೂಕ ದೇಹದ ನೂರರಲ್ಲಿ ಎರಡು ಪಾಲು. ತಿನ್ನುವ ಆಮ್ಲಜನಕ ಮಾತ್ರ ಸುಮಾರು ಇಪ್ಪತ್ತು ಪಾಲು, ಕೂಡಿಟ್ಟುಕೊಳ್ಳುವ ಉಗ್ರಾಣವೂ ಇಲ್ಲ. ನೀವು ಎದ್ದಾಗ ಕತ್ತಿನ ರಕ್ತನಾಳದಲ್ಲಿರುವ ಒತ್ತಡದ ಸಂವೇದಕಗಳು ತಕ್ಷಣ ಹೃದಯವನ್ನು ಚುರುಕುಗೊಳಿಸುತ್ತವೆ, ಮೆದುಳಿನ ನಾಳಗಳೂ ಹಿಗ್ಗಿ ಹರಿವನ್ನು ಕಾಯುತ್ತವೆ. ವಯಸ್ಸಾದಂತೆ ಮೊದಲನೆಯದು ನಿಧಾನವಾಗುತ್ತದೆ, ಎರಡನೆಯದಕ್ಕೆ ನಾಳಗಳ ಬಿಗಿತ ಅಡ್ಡಬರುತ್ತದೆ. ವರ್ಷಗಟ್ಟಲೆ ಹೆಚ್ಚಿನ ಒತ್ತಡ ಕಂಡ ನಾಳಗಳು ಅದಕ್ಕೇ ಒಗ್ಗಿರುತ್ತವೆ. ನಿಮಗೆ ಧಾರಾಳವಾದದ್ದು ಅವರಿಗೆ ಬರಗಾಲ.

ಇನ್ನು ವರದಿಯ ಮಾತು. ಬಿಳಿ ದ್ರವ್ಯ ಎಂದರೆ ಮೆದುಳಿನ ಒಳಗಿನ ನರತಂತುಗಳ ಭಾಗ. ಬಿಳಿ ದ್ರವ್ಯದ ಆಳಕ್ಕೆ ಹೋಗುವ ನಾಳಗಳು ಉದ್ದ, ಕೂದಲಿನಷ್ಟು ಸಣ್ಣ, ಪಕ್ಕದಿಂದ ನೆರವು ಬರುವುದು ಬಹಳ ಕಡಿಮೆ. ಭದ್ರಾ ಕಾಲುವೆಯ ಕೊನೆಯಂಚಿನ ರೈತರನ್ನು ಕೇಳಿ: ಮೇಲೆ ನೀರು ತಗ್ಗಿದರೆ ಮೊದಲು ಒಣಗುವುದು ಯಾರ ಗದ್ದೆ? ಸಂಬಂಧ ಇರಬಹುದು. ಆದರೆ ಹಳೆಯ ಬಿಪಿಯೊಂದೇ ಸಾಕು ವರದಿಯಲ್ಲಿನ ಆ ಬದಲಾವಣೆಗೆ.

ಹುಬ್ಬಳ್ಳಿಯ ಅಳಿಯ
ಹಾಗಾದರೆ ಮಾತ್ರೆ ನಿಲ್ಲಿಸಿದರಾಯಿತು. ನಮ್ಮ ಮಾವನವರಿಗೆ ನಾವು ಹಾಗೆಯೇ ಮಾಡಿದೆವು.

ನಿವೃತ್ತ ಸಿಸ್ಟರ್
ಮಾವನವರನ್ನು ಇಂದೇ ವೈದ್ಯರಿಗೆ ತೋರಿಸಿ, ಸ್ವಾಮಿ. ಆ ಸಣ್ಣ ನಾಳಗಳನ್ನು ಕೆಡಿಸುವುದೇ ಏರಿದ ಒತ್ತಡ. ಮಾತ್ರೆಯ ಪ್ರಮಾಣ, ಹೊತ್ತು ಬದಲಿಸುವುದು ವೈದ್ಯರ ಕೆಲಸ.

ಸಾಗರದವರೇ, ಅಪ್ಪನನ್ನು ಐದು ನಿಮಿಷ ಮಲಗಿಸಿ ಅಳೆಯಿರಿ. ನಿಂತ ಮೇಲೆ ಒಂದನೆಯ ಮತ್ತು ಮೂರನೆಯ ನಿಮಿಷದಲ್ಲಿ ಮತ್ತೆ ಅಳೆಯಿರಿ, ಪಕ್ಕದಲ್ಲಿ ಒಬ್ಬರು ಇರಲಿ. ಊಟವಾದ ಮೇಲೆ ರಕ್ತ ಕರುಳಿನತ್ತ ಹರಿಯುವುದರಿಂದ ಆಗಲೂ ಒಮ್ಮೆ ನೋಡಿ. ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಪ್ರಾಸ್ಟೇಟ್‌ಗೆ ಕೊಡುವ ಕೆಲವು ಮಾತ್ರೆಗಳೂ ನಿಂತಾಗ ಒತ್ತಡ ಇಳಿಸುತ್ತವೆ.

ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು, ಅಳತೆ ಗಿಳತೆ ಬೇಡ, ನೇರ ದೊಡ್ಡ ಆಸ್ಪತ್ರೆಗೆ. ಮೆದುಳಿನ ನಾಳ ಕಟ್ಟಿದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಲಕ್ಷಣ ಶುರುವಾದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಮುದುಕರಲ್ಲಿ ಒಂದು ನಾಳ ಕಟ್ಟಿದಾಗ ರಕ್ತ ಒಯ್ಯುವ ಬಳಸುದಾರಿಯ ನಾಳಗಳು ದುರ್ಬಲವಾಗಿರುವುದರಿಂದ ಆ ಗಡುವಿನೊಳಗೂ ನಷ್ಟ ಬೇಗ ಹಬ್ಬುತ್ತದೆ.

ಸಾಗರದ ಮಗಳು
ಪ್ರಾಸ್ಟೇಟ್ ಮಾತ್ರೆ ಇದೆ ಸಿಸ್ಟರ್, ಬೇರೆ ವೈದ್ಯರು ಬರೆದದ್ದು. ಬಿಪಿ ನೋಡುವವರಿಗೆ ಅಪ್ಪ ಹೇಳಿಯೇ ಇಲ್ಲ. ನಾಳೆ ಎರಡೂ ಚೀಟಿ ಒಯ್ಯುತ್ತೇನೆ.