ಸಹಾಯ ಬೇಕು: ಹಳದಿಗಟ್ಟಿದ ಹೆಡ್‌ಲೈಟ್‌ಗೆ ಯಾವ ಲೇಪನ ಬಾಳಿಕೆ ಬರುತ್ತದೆ?

ಎಲ್ಲರಿಗೂ ನಮಸ್ಕಾರ. ವರ್ಷವಿಡೀ ರಸ್ತೆಬದಿಯ ಬಿಸಿಲಿನಲ್ಲೇ ನಿಲ್ಲುವ ನಮ್ಮ ಕಾರಿನ ಹೆಡ್‌ಲೈಟ್‌ಗಳು ಹಳದಿಗಟ್ಟಿ ಮಂಕಾಗಿವೆ. ಉಗುರಿನಿಂದ ಕೆರೆದರೆ ಹೊರಮೈ ತೆಳುವಾದ ಸಿಪ್ಪೆಯಂತೆ ಏಳುವುದರಿಂದ, ದೋಷ ಒಳಗಿನ ತೇವದ್ದಲ್ಲ ಎಂಬುದು ಖಚಿತ. ಟೂತ್‌ಪೇಸ್ಟ್ ತಿಕ್ಕಿದರೆ ತಕ್ಷಣಕ್ಕೆ ಹೊಳಪು ಬರುತ್ತದೆಯಾದರೂ, ಹೆಡ್‌ಲೈಟ್‌ನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನು ಅತಿನೇರಳೆ ಕಿರಣಗಳಿಂದ ಕಾಯುವ ಲೇಪನವೇ ಸವೆದಿರುವಾಗ ಅದು ಹೆಚ್ಚು ದಿನ ನಿಲ್ಲುವುದಿಲ್ಲ.

ಆದ್ದರಿಂದ ಸುತ್ತಲಿನ ಬಣ್ಣಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, 800, 1500, 2000 ಗ್ರಿಟ್‌ನ (ಸಂಖ್ಯೆ ಹೆಚ್ಚಿದಷ್ಟೂ ನಯವಾದ) ವಾಟರ್ ಪೇಪರ್ ಎಂಬ ಉಜ್ಜುಕಾಗದಗಳಿಂದ ಕ್ರಮವಾಗಿ ನೀರು ಹಾಕುತ್ತಾ ಉಜ್ಜಿ, ಹೊಸ ಲೇಪನ ಹಾಕಬೇಕೆಂದಿದ್ದೇನೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಸಾಧಾರಣ ಸ್ಪ್ರೇ ಲ್ಯಾಕರ್ ಸಾಕೆಂದರು (ಅವರ ಬಳಿ ಇದ್ದದ್ದು ಅದೊಂದೇ). ಗಟ್ಟಿಕಾರಕ ಬೆರೆಸುವ 2ಕೆ ಕ್ಲಿಯರ್‌ಕೋಟ್ (ಎರಡು ಘಟಕಗಳ ಪಾರದರ್ಶಕ ಲೇಪನ) ಹೆಚ್ಚು ಬಾಳುತ್ತದಾದರೂ, ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ರಾಸಾಯನಿಕದ ಆವಿ ಶ್ವಾಸಕೋಶಕ್ಕೆ ಅಪಾಯಕಾರಿ.

ಬಟ್ಟೆಯಿಂದ ಒರೆಸಿ ಹಚ್ಚುವ ಲೇಪನವನ್ನು ಬೆಂಗಳೂರಿನಲ್ಲಿ ಬಳಸಿದವರು, ಅದು ಎಷ್ಟು ಕಾಲ ಉಳಿಯಿತು, ಈ ಮಳೆಗಾಲದ ತೇವದಲ್ಲಿ ಹಚ್ಚಬಹುದೇ ಎಂಬುದನ್ನು ದಯವಿಟ್ಟು ತಿಳಿಸಿ.