ಎಲ್4-ಎಲ್5 ಡಿಸ್ಕ್: ಆಪರೇಷನ್ ಮಾಡಿಸೋದಾ, ಕಾಯೋದಾ?

ತೋಟದಮನೆ (ಸಾಗರ):
ಅಡಿಕೆ ಕೊಯ್ಲು ಮುಗಿದಾಗಿನಿಂದ ಸೊಂಟದಿಂದ ಎಡಪಾದದವರೆಗೆ ಕರೆಂಟ್ ಹೊಡೆದ ಹಾಗೆ ನೋವು. ಎಂಆರ್‌ಐನಲ್ಲಿ ಎಲ್4-ಎಲ್5, ಅಂದ್ರೆ ಸೊಂಟದ 4 ಮತ್ತು 5ನೇ ಮೂಳೆ ಮಧ್ಯದ ಮೆತ್ತೆಯಂಥ ಡಿಸ್ಕ್ ಜಾರಿ ನರ ಒತ್ತುತ್ತಿದೆ ಅಂತ ಬಂದಿದೆ. ಡಾಕ್ಟರು ಮೈಕ್ರೋಡಿಸೆಕ್ಟಮಿ (ಸಣ್ಣದಾಗಿ ಕೊಯ್ದು ನರ ಒತ್ತೋ ಡಿಸ್ಕ್ ಚೂರು ತೆಗೆಯೋ ಆಪರೇಷನ್) ಅಂದ್ರು. ಅತ್ತೆ ಮಾತ್ರ "ಬೆನ್ನಿಗೆ ಕತ್ತಿ ಹಾಕಿಸಿಕೊಂಡೋರು ಯಾರು ನೆಟ್ಟಗಾಗಿದಾರೆ?" ಅಂತಾರೆ. ಮಾಡಿಸಿಕೊಂಡೋರು ಹೇಳಿ ಮಾರಾಯ್ರೇ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸೋಕೆ ನಾನೇ ನಿಲ್ಲಬೇಕು.

ನಿವೃತ್ತ ಮೇಷ್ಟ್ರು:
ಕಾಲಲ್ಲಿ ಶಕ್ತಿ ಇದೆಯಾ? ಚಪ್ಪಲಿ ಜಾರತ್ತಾ? ಬರೀ ನೋವಾದರೆ 6ರಿಂದ 12 ವಾರದಲ್ಲಿ ಬಹಳ ಜನಕ್ಕೆ ತಾನಾಗೇ ಇಳಿಯತ್ತೆ. ಪಾದ ಎತ್ತೋಕಾಗದೆ ಇದ್ದರೆ ತಡಮಾಡಬೇಡಿ. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಅವತ್ತೇ ಆಸ್ಪತ್ರೆಗೆ ಓಡಿ.

ನಾನು ಮಾಡಿಸಿಕೊಂಡೆ. ಮರುದಿನವೇ ನಡೆಸಿದರು. ಕಾಲುನೋವು ಹೋಯ್ತು, ಬೆನ್ನಿನ ಬಿಗಿತ ಮಾತ್ರ ಪೂರ್ತಿ ಹೋಗಿಲ್ಲ. ಈ ಆಪರೇಷನ್ ಇರೋದೇ ಮುಖ್ಯವಾಗಿ ಕಾಲುನೋವಿಗೆ. ಕೆಲವು ವಾರ ಬಗ್ಗೋ ಹಾಗಿಲ್ಲ, ಸೊಂಟ ತಿರುಗಿಸೋ ಹಾಗಿಲ್ಲ, ತುಂಬಿದ ಕೊಡ ಎತ್ತೋ ಹಾಗಿಲ್ಲ. ಇಂಡಿಯನ್ ಕಕ್ಕಸಿನ ಮನೆಯಾದರೆ ಮೊದಲೇ ಕಮೋಡ್ ಕುರ್ಚಿ ತರಿಸಿಡಿ. ಇದನ್ನ ಯಾವ ಡಾಕ್ಟರೂ ಹೇಳಲ್ಲ!

ತೋಟದಮನೆ:
ಎಡಗಾಲಿನ ಹೆಬ್ಬೆರಳು ಎತ್ತೋಕೆ ಸ್ವಲ್ಪ ಕಷ್ಟ ಆಗ್ತಿದೆ ಸರ್.

ಫಿಸಿಯೋ ಅಕ್ಕ:
ಹಾಗಾದರೆ ಈ ವಾರವೇ ತೋರಿಸಿ ಅಣ್ಣಾ, ಬೇಕಾದರೆ ಇನ್ನೊಬ್ಬ ಸರ್ಜನ್ನರ ಅಭಿಪ್ರಾಯವನ್ನೂ ಕೇಳಿ. ಡಿಸ್ಕ್ ಮತ್ತೆ ಜಾರೋದೂ ಉಂಟು, ವ್ಯಾಯಾಮ ಬಿಡಬಾರದು. ಔಷಧಿಗೆ ಆಳು ಗೊತ್ತುಮಾಡಿ. ಈ ವರ್ಷ ಕ್ಯಾನು ಹೊರೋದು ಬೇಡ.