ಸಿಂಗಲ್ ಸೆಲ್ ಡೇಟಾ ಒಟ್ಟು ಮಾಡಲು ಹಾರ್ಮನಿ ಸಾಕಾ?

ಕೊಣಾಜೆ ಹುಡುಗ: ಎರಡು ಲ್ಯಾಬಿನ ಸಿಂಗಲ್ ಸೆಲ್ ಡೇಟಾ, ಅಂದರೆ ಒಂದೊಂದೇ ಜೀವಕೋಶದಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತದೆ ಅನ್ನುವ ಲೆಕ್ಕ, ಒಟ್ಟು ಮಾಡಬೇಕು. ಲ್ಯಾಬ್ ಬೇರೆ ಆದದ್ದಕ್ಕೇ ಬರುವ ವ್ಯತ್ಯಾಸ (ಬ್ಯಾಚ್) ತೆಗೆಯಲು ಹಾರ್ಮನಿ ಅನ್ನುವ ಸಾಫ್ಟ್‌ವೇರ್ ಧಾರಾಳ ಸಾಕು. 2020ರಲ್ಲಿ 14 ವಿಧಾನಗಳನ್ನು ಹೋಲಿಸಿದವರು, ಬೇಗ ಮುಗಿಯುತ್ತದೆ ಅಂತ ಮೊದಲು ಇದನ್ನೇ ಬಳಸಿ ಅಂದಿದ್ದಾರೆ. ಧಕ್ಕೆಯಲ್ಲಿ ಎರಡು ಬೋಟಿನ ಬಂಗುಡೆ ಒಂದೇ ರಾಶಿಗೆ ಬೀಳಬೇಕು, ಬೂತಾಯಿ ಬೇರೆ ಉಳಿಯಬೇಕು. ಇದೂ ಅಷ್ಟೇ: ಬೋಟು ಅಂದರೆ ಲ್ಯಾಬು, ಮೀನಿನ ಜಾತಿ ಅಂದರೆ ಜೀವಕೋಶದ ವಿಧ.

ಮಣಿಪಾಲದವ: "ಬೇಗ ಮುಗಿಯುತ್ತದೆ" ಅನ್ನುವುದು ಒಂದು ಕಾರಣವಾ ಮಾರಾಯ್ರೆ? 2022ರಲ್ಲಿ ನೇಚರ್ ಮೆಥಡ್ಸ್ ಪತ್ರಿಕೆಯಲ್ಲಿ ಬಂದ ಹೋಲಿಕೆ ಓದಿ. 16 ವಿಧಾನ, 12 ಲಕ್ಷಕ್ಕೂ ಜಾಸ್ತಿ ಜೀವಕೋಶ. ತೊಡಕಿನ ಡೇಟಾದಲ್ಲಿ ಸ್ಕ್ಯಾನ್‌ವಿ, ಸ್ಕ್ಯಾನೊರಾಮಾ ಅನ್ನುವ ವಿಧಾನಗಳು ಮುಂದೆ.

ಸುರತ್ಕಲ್ ಕೋಡರ್: ಮುಂದೆ ಇರದೆ ಮತ್ತೆಂತ? ಸ್ಕ್ಯಾನ್‌ವಿಗೆ ಯಾವ ಕೋಶ ಯಾವ ವಿಧ ಅನ್ನುವ ಹೆಸರು ಮೊದಲೇ ಕೊಟ್ಟಿರುತ್ತಾರೆ. ಅದೇ ಹೆಸರು ಇಟ್ಟುಕೊಂಡು ಮಾರ್ಕೂ ಹಾಕುತ್ತಾರೆ. ಉತ್ತರ ಹೇಳಿಕೊಟ್ಟು ಪರೀಕ್ಷೆ ಮಾಡಿದ ಹಾಗೆ ಅಲ್ವಾ?

ಮಲ್ಪೆ ಮಗಳು: ಬಂಗುಡೆ ಎಲ್ಲ ಒಂದೇ ರಾಶಿಗೆ ಅಂತ ಯಾರು ಹೇಳಿದ್ದು? ನಮ್ಮದು ಮೀನಿನ ಮನೆ. ಸಣ್ಣದಕ್ಕೆ ಬೇರೆ ಬುಟ್ಟಿ, ದೊಡ್ಡದಕ್ಕೆ ಬೇರೆ. ರೇಟೇ ಬೇರೆ.

ಕೊಣಾಜೆ ಹುಡುಗ: ರೇಟಿನ ಮಾತು ಯಾಕೆ ಅಕ್ಕ? ಎರಡೂ ಬಂಗುಡೆಯೇ ತಾನೆ?

ಮಲ್ಪೆ ಮಗಳು: "ಎರಡೂ ಬಂಗುಡೆಯೇ". ಅಲ್ಲೇ ತಪ್ಪುವುದು ತಮ್ಮಾ. ಒಂದು ಬೋಟು ಮಳೆಗಾಲದ ಮೀನುಗಾರಿಕೆ ರಜೆ ಮುಗಿದ ಕೂಡಲೇ ಹೋದದ್ದು, ಇನ್ನೊಂದು ಡಿಸೆಂಬರಿನದ್ದು ಅಂತ ಇಟ್ಟುಕೋ. ಗಾತ್ರದ ವ್ಯತ್ಯಾಸ ಬೋಟಿನದ್ದಾ, ಮೀನಿನದ್ದಾ? ಒಂದು ಲ್ಯಾಬಿನಲ್ಲಿ ಬರೀ ರೋಗಿಗಳು, ಇನ್ನೊಂದರಲ್ಲಿ ಬರೀ ಆರೋಗ್ಯವಂತರು ಇದ್ದರೆ? ಬ್ಯಾಚ್ ಅಂತ ನೀನು ಒರೆಸಿದ್ದು ರೋಗವನ್ನೇ ಆಗಿರಬಹುದು.

ಸುರತ್ಕಲ್ ಕೋಡರ್: ರಜೆ ಎಲ್ಲರಿಗೂ ಎಲ್ಲುಂಟು? ನಾಡದೋಣಿಗಳು ಮಳೆಗಾಲದಲ್ಲೂ ಹೋಗುತ್ತವೆ.

ಮಲ್ಪೆ ಮಗಳು: ನಾನು ಬೋಟು ಅಂದದ್ದು, ದೋಣಿ ಅನ್ನಲಿಲ್ಲ. ಟ್ರಾಲ್ ಬೋಟಿಗೆ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ರಜೆ. ಕಡಲಿನ ಲೆಕ್ಕ ನನಗೆ ಕಲಿಸಬೇಡಿ.

ಸುರತ್ಕಲ್ ಕೋಡರ್: ಕಲಿಸಲಿಲ್ಲ. ಅರ್ಧ ಮಾತ್ರ ಹೇಳಿದಿರಿ ಅಂದೆ.

ಮಲ್ಪೆ ಮಗಳು: ಯಾವ ಅರ್ಧ? ಸುಮ್ನೆ ಮಾತು ತಿರುಗಿಸುತ್ತೀರಿ.

ಮಣಿಪಾಲದವ: ಮೀನು ಬಿಡಿ. 2022ರವರು ಒಟ್ಟು ಅಂಕದಲ್ಲಿ ಜೀವಶಾಸ್ತ್ರ ಉಳಿಸಿದ್ದಕ್ಕೆ 60 ಪಾಲು, ಬ್ಯಾಚ್ ತೆಗೆದದ್ದಕ್ಕೆ 40 ಪಾಲು ಇಟ್ಟಿದ್ದಾರೆ.

ಸುರತ್ಕಲ್ ಕೋಡರ್: 60, 40 ಅಂತ ಇಟ್ಟದ್ದು ಅವರೇ. ಆ ಪಾಲು ಬದಲಿಸಿದರೆ ಯಾರು ಮೊದಲು ಅನ್ನುವುದೂ ಬದಲಾಗಬಹುದು.

ಮಣಿಪಾಲದವ: ಹಾಗಾದರೆ ನಿಮ್ಮದೇ ಪಾಲು ಹೇಳಿ! ಬರೀ ತಪ್ಪು ಹುಡುಕುವುದಾ?

ಕೊಣಾಜೆ ಹುಡುಗ: ಎರಡೂ ಲ್ಯಾಬಿನಲ್ಲಿ ರೋಗಿಗಳು ಇದ್ದಾರಾ ಅಂತ ಇವತ್ತೇ ನೋಡುತ್ತೇನೆ. ಆದರೆ ಮೊದಲು ಓಡಿಸುವುದು ಹಾರ್ಮನಿಯನ್ನೇ.

ಮಲ್ಪೆ ಮಗಳು: ಓಡಿಸುವ ಮೊದಲು ನೋಡು. ಆಮೇಲೆ ಅಲ್ಲ.